ತುಕ್ಕು ಹಿಡಿದ ಸ್ಟೇರಿಂಗ್ ಶಾಫ್ಟು ಮತ್ತು ಎಡಗಡೆ ಸೀಟಿನ ಬಗ್ಗೆ

ಇಂದ,
ಶ್ರೀಮತಿ ಕೃಷ್ಣಮ್ಮ,
ನಾಡಕಚೇರಿಯ ನಿವೃತ್ತ ಬೆರಳಚ್ಚುಗಾರ್ತಿ, ಹಾಲಿ ಬ್ಯಾಟರಿ ಹಿಡಿಯುವವರು,
ದುದ್ದ, ಹಾಸನ ತಾಲ್ಲೂಕು.

ಗೆ,
ಶ್ರೀ ಅಣ್ಣಯ್ಯನವರು,
ಮದುವೆ ಪಾತ್ರೆ ಬಾಡಿಗೆ ಅಂಗಡಿಯ ಮಾಲೀಕರು ಹಾಗೂ ಅರ್ಜಿದಾರಳ ಯಜಮಾನರು,
ಅದೇ ವಿಳಾಸ.

ವಿಷಯ: ಪಿಕಪ್ ಗಾಡಿ ಓಡಿಸಲು ಅರ್ಜಿದಾರಳಿಗೆ ಅನುಮತಿ ಕೋರಿ.

ಉಲ್ಲೇಖ: ಗಾಡಿಯ ಅಡಿಯಲ್ಲಿ ಮಲಗಿಕೊಂಡು ತಾವು ಆಡಿದ ಮಾತು (ಮೌಖಿಕ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ, ಆಕೆಗೆ ತಮ್ಮ ಹೆಸರನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವಿಲ್ಲ. ಹೆಸರಿಲ್ಲದ ಅರ್ಜಿಯನ್ನು ಯಾವ ಕಚೇರಿಯೂ ಸ್ವೀಕರಿಸದ ಕಾರಣ ಮೇಲೆ ಒಂದು ಸಲ ಬರೆಯಲಾಗಿದೆ. ಇನ್ನು ಮುಂದೆ ತಮ್ಮನ್ನು 'ಮಾಲೀಕರು' ಎಂದು ಕರೆಯಲಾಗುವುದು.

1. ಮಳೆಗಾಲ ಶುರುವಾದಾಗಿನಿಂದ ಗಾಡಿಯ ಸ್ಟೇರಿಂಗ್ ಬಿಗಿಯಾಗುತ್ತಿತ್ತು. ಇದನ್ನು ಅರ್ಜಿದಾರಳು ಹಲವು ಬಾರಿ ಗಮನಕ್ಕೆ ತಂದಾಗ್ಯೂ, "ತೋಳಿಗೆ ಒಳ್ಳೆ ಕಸರತ್ತು ಆಯ್ತದೆ, ಬುಡು" ಎಂಬ ಉತ್ತರವೇ ಬಂದಿತ್ತು. ತರುವಾಯ, ಹೊಳೆನರಸೀಪುರದ ಒಂದು ಮದುವೆಗೆ ಪಾತ್ರೆ ತುಂಬಿಕೊಂಡು, ಮಾಲೀಕರು ಓಡಿಸುತ್ತ ಅರ್ಜಿದಾರಳು ಪಕ್ಕದಲ್ಲಿ ಕೂತು ಹೋಗುವಾಗ, ಮೊಸಳೆ ಹತ್ತಿರದ ತಿರುವಿನಲ್ಲಿ ಸದರಿ ಸ್ಟೇರಿಂಗ್ ತಿರುಗಲು ನಿರಾಕರಿಸಿತು. ರಸ್ತೆ ಬಲಕ್ಕೆ ಹೋಯಿತು. ಗಾಡಿ ನೆಟ್ಟಗೆ ರಾಗಿ ಹೊಲಕ್ಕೆ ಹೋಯಿತು. ಕಡಾಯಿ, ಕೊಳಗ, ಅನ್ನದ ತಪ್ಪಲೆಗಳೆಲ್ಲ ಹೊಲದ ತುಂಬಾ ಉರುಳಿದವು. ಹೊಲದವರಾದ ಗಂಗಯ್ಯನವರು ಓಡಿಬಂದು, ಇಬ್ಬರೂ ಜೀವಂತವಾಗಿದ್ದಾರೆಂದು ಖಾತ್ರಿ ಮಾಡಿಕೊಂಡ ನಂತರವೇ, "ಊಟ ಎಷ್ಟೊತ್ಗೆ ಸಾ?" ಎಂದು ಕೇಳಿದರು. ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟು ಎದ್ದಿದ್ದರೂ ಅರ್ಜಿದಾರಳು ನಕ್ಕಳು. ಮಾಲೀಕರು ನಗಲಿಲ್ಲ. ಬದುವಿನ ಮೇಲೆ ಕೂತು ತಮ್ಮ ಎರಡು ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

2. ಗಾಡಿಯ ಮೂತಿಯನ್ನು ಟ್ರ್ಯಾಕ್ಟರಿಗೆ ಎತ್ತಿ ಕಟ್ಟಿ ಮನೆಗೆ ತರಲಾಯಿತು. ಹಾಸನದಿಂದ ಬಂದ ಮೆಕ್ಯಾನಿಕ್ ಚನ್ನಪ್ಪನವರು ತಡಕಿ ನೋಡಿ, ಕೆಳಗಿನ ಸ್ಟೇರಿಂಗ್ ಬಾಕ್ಸೇ ಹೋಗಿದೆ, ಶಾಫ್ಟು ಬಿಚ್ಚಿ ಬೇರೆ ಬಾಕ್ಸು ಕೂರಿಸಬೇಕು ಎಂದರು. "ಕಚ್ಕೊಂಬುಟ್ಟದೆ ತುಕ್ಕು. ನಾನೇ ಬಿಚ್ತೀನಿ ಬುಡಿ" ಎಂದೂ ಹೇಳಿದರು.

"ಕೆಡಿಸ್ದೋನು ನಾನು, ನಾನೇ ಬಿಚ್ತೀನಿ. ನೀನು ಹೊಸಾ ಬಾಕ್ಸ್ ತಕ್ಕಂಡ್ ಬಾ ಸಾಕು" ಎಂದರು ಮಾಲೀಕರು.

ಆದ್ದರಿಂದ ಅರ್ಜಿದಾರಳು, ಸಂದರ್ಶನವೂ ಇಲ್ಲದೆ, ಬ್ಯಾಟರಿ ಬೆಳಕು ಹಿಡಿಯುವ ಹುದ್ದೆಗೆ ನೇಮಕಗೊಂಡಳು.

3. ಸ್ಟೇರಿಂಗಿನಿಂದ ಇಳಿದು ಬರುವ ಶಾಫ್ಟಿನ ತುದಿಯಲ್ಲಿ, ಬಾಕ್ಸನ್ನು ಕಚ್ಚಿಕೊಳ್ಳಲು, ಸೀಳಿರುವ ಒಂದು ಕಬ್ಬಿಣದ ಬಳೆ ಇರುತ್ತದೆ; ಅದನ್ನು ಅಡ್ಡಲಾಗಿ ಒಂದು ಬೋಲ್ಟು ಬಿಗಿಹಿಡಿದಿರುತ್ತದೆ. ಬೋಲ್ಟು ಯಾವುದು, ತುಕ್ಕು ಯಾವುದು ಎಂದು ತಿಳಿಯುತ್ತಿರಲಿಲ್ಲ. ಮಾಲೀಕರು ಗೋಣಿಚೀಲ ಹಾಸಿಕೊಂಡು ಅಡಿಗೆ ಸರಿದರು. ತಂತಿ ಬ್ರಷ್ಷಿನಿಂದ ಉಜ್ಜಿದರು, ಎಣ್ಣೆ ಬಿಟ್ಟು ನೆನೆಸಿದರು, ಸುತ್ತಿಗೆಯಿಂದ ತಟ್ಟಿದರು.

"ನೆಟ್ಟಗೆ ಹಿಡಿ."

"ನೆಟ್ಟಗೇ ಹಿಡ್ದಿವ್ನಿ."

"ಅಲ್ಲಲ್ಲ, ಇಲ್ಲಿ."

"ಇಲ್ಲಿ ಅಂದ್ರೆ ಎಲ್ಲಿ? ನಂಗೆ ಕಾಣೋದು ನಿಮ್ ಕಾಲು ಎಲ್ಡೇ."

ಇಂತಹ ಪತ್ರವ್ಯವಹಾರ ಬೆಳಗ್ಗೆಯೆಲ್ಲ ನಡೆಯಿತು. ಮಧ್ಯಾಹ್ನ ಸ್ಪ್ಯಾನರ್ ಹಾಕಿ ಜೋರಾಗಿ ಜಗ್ಗಿದಾಗ ಬೋಲ್ಟಿನ ತಲೆ ಕಿತ್ತುಬಂತು. ಬೋಲ್ಟು ಪೂರ್ತಿ ಬಂತೆಂದುಕೊಂಡ ಮಾಲೀಕರು ಶಾಫ್ಟನ್ನು ಹೊಡೆದೇ ಹೊಡೆದರು. ಶಾಫ್ಟು ಕದಲಲಿಲ್ಲ. ಕೊನೆಗೆ ಸುತ್ತಿಗೆ ಆಚೆಗೆ ಬಂದು ಬಿತ್ತು.

"ಗುಜರಿಗೆ ಆಕ್ಬುಡ್ತೀನಿ ಇದ್ನ. ಇನ್ಮೇಲೆ ಗಾಡಿ ಸವಾಸನೇ ಬ್ಯಾಡ."

"ಒಂದು ಶಾಫ್ಟಿಗೆ ಇಷ್ಟು ಕ್ವಾಪವಾ?"

"ಶಾಫ್ಟಲ್ಲ ಕಣಮ್ಮಿ." ಆಚೆ ಕಾಣುತ್ತಿದ್ದ ಎರಡು ಕಾಲೂ ಒಳಗೆ ಸರಿದವು. "ಅವತ್ತು ನಿನ್ನ ಸಾಯಿಸ್ಬುಡ್ತಿದ್ನಲ್ಲ. ಕಣ್ಮುಚ್ಚುದ್ರೆ ಅದೇ ಬತ್ತದೆ. ನೀನು ಯೋಳ್ತಾನೇ ಇದ್ದೆ, ನಾನು ಕೇಳ್ನಿಲ್ಲ."

ಈ ಸಂದರ್ಭದಲ್ಲಿ ಬ್ಯಾಟರಿಯ ಬೆಳಕು ಶಾಫ್ಟು ಬಿಟ್ಟು ನೆಲಕ್ಕೆ ಇಳಿಯಿತು. ಮಾಲೀಕರು ಅದಕ್ಕೆ ಆಕ್ಷೇಪಣೆ ಎತ್ತಲಿಲ್ಲ.

4. ಕಾರಣ, ಅರ್ಜಿದಾರಳು ಸೆರಗು ಸಿಕ್ಕಿಸಿಕೊಂಡು ತಾನೂ ಗಾಡಿಯ ಅಡಿಗೆ ನುಸುಳಿ ಗೋಣಿಚೀಲದ ಉಳಿದ ಭಾಗದಲ್ಲಿ ಮಲಗಿದಳು. ಬ್ಯಾಟರಿಯನ್ನು ತನ್ನ ಮುಖಕ್ಕೇ ಬಿಟ್ಟುಕೊಂಡು, "ನೋಡಿ, ಸತ್ತಿಲ್ಲ. ಬುಗುಟೂ ಇಳೀತು. ತುಕ್ಕು ಹಿಡ್ದಿದ್ದು ಗಾಡಿಗೆ, ನಿಮ್ ಕೈಗಲ್ಲ" ಎಂದಳು. ಮಾಲೀಕರು ನೋಡಿದರು. ಎಷ್ಟು ಹೊತ್ತು ಎಂಬುದನ್ನು ಕಡತದಲ್ಲಿ ನಮೂದಿಸಿಲ್ಲ.

ಆಮೇಲೆ ಬೆಳಕು ಶಾಫ್ಟಿನ ಕಡೆ ತಿರುಗಿತು. ಬಳೆಯ ತೂತಿನೊಳಗೆ ಮುರಿದ ಬೋಲ್ಟಿನ ಉಳಿದರ್ಧ ಅಡ್ಡ ಕೂತಿದ್ದು ಇಬ್ಬರಿಗೂ ಒಟ್ಟಿಗೇ ಕಂಡಿತು. ಅದು ಇರುವ ತನಕ ಎಷ್ಟು ಹೊಡೆದರೂ ಶಾಫ್ಟು ಬರುವ ಹಾಗಿರಲಿಲ್ಲ. ಮಾಲೀಕರು ಒಂದು ಸರಳನ್ನಿಟ್ಟು ತಟ್ಟಿ ಆ ತುಂಡನ್ನು ಆಚೆಗೆ ತಳ್ಳಿದರು. ಹಳೆಯದನ್ನು ನೋಡಿಕೊಂಡು ಹೊಸ ಬಾಕ್ಸು ಕೂರಿಸುವಾಗ ಅಡ್ಡಾದಿಡ್ಡಿ ಆಗಬಾರದೆಂದು ಶಾಫ್ಟಿಗೂ ಹಳೇ ಬಾಕ್ಸಿಗೂ ಸೇರಿಸಿ ಗುರುತು ಹಾಕಬೇಕಿತ್ತು. ಪೇಂಟು ಇರಲಿಲ್ಲ, ಮಗಳು ವರ್ಷಾ ಬಿಟ್ಟುಹೋಗಿದ್ದ ಕೆಂಪು ಉಗುರುಬಣ್ಣ ಇತ್ತು. ಗೆರೆ ಎಳೆದು, ಬಳೆಯ ಸೀಳಿಗೆ ಉಳಿ ಬಡಿದು ಅಗಲಿಸಿ, ಇಬ್ಬರೂ ಸೇರಿ ಎಳೆದಾಗ ಮುಖದ ಮೇಲೆಲ್ಲ ತುಕ್ಕು ಉದುರಿಸುತ್ತ ಶಾಫ್ಟು ಕಳಚಿಕೊಂಡಿತು.

"ಬಂತು ಕಣಮ್ಮಿ" ಎಂದರು ಮಾಲೀಕರು, ಮಗು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ, ಮೆಲ್ಲಗೆ.

5. ಚನ್ನಪ್ಪನವರು ಹೊಸ ಬಾಕ್ಸು, ಹೊಸ ಬೋಲ್ಟು ಹಾಕಿದರು. "ಇದ್ಯಾವ ಕಂಪ್ನಿ ಪೇಂಟವ್ವಾ?" ಎಂದು ವಿಚಾರಿಸಿದರು. ಅವರೇ ಹಾಸನದ ತನಕ ಓಡಿಸಿ ನೋಡಿ, ಒಂದೇ ಬೆರಳಿಗೆ ತಿರುಗುತ್ತದೆಂದು ದೃಢೀಕರಿಸಿದರು. ಆದಾಗ್ಯೂ ಮಾಲೀಕರು ದಿನಾ ಬೆಳಗ್ಗೆ ಗಾಡಿ ಒರೆಸುತ್ತಾರೆ, ಹತ್ತಿ ಕೂರುತ್ತಾರೆ, ಸ್ಟೇರಿಂಗ್ ಮೇಲೆ ಕೈಯಿಡುತ್ತಾರೆ, ಇಳಿದು ಬರುತ್ತಾರೆ. ಪಾತ್ರೆ ಕೇಳಲು ಬಂದವರಿಗೆ "ನೀವೇ ಗಾಡಿ ತನ್ನಿ" ಎನ್ನುತ್ತಾರೆ. ಇದು ಅರ್ಜಿದಾರಳಿಗೆ ಊಟ ಸೇರದಷ್ಟು ಬೇಸರ ತಂದಿದೆ.

6. ರುದ್ರಪಟ್ಟಣದ ಸಂಗೀತೋತ್ಸವದ ಅಡಿಗೆಗೆ ಪಾತ್ರೆ ಬೇಕೆಂದು ಫೋನು ಬಂದಿದ್ದು, ಮಾಲೀಕರು ಸ್ನಾನಕ್ಕೆ ಹೋಗಿದ್ದ ಸಮಯ ನೋಡಿ ಅರ್ಜಿದಾರಳು ಒಪ್ಪಿಕೊಂಡಿರುತ್ತಾಳೆ. ನಾವೇ ತಂದು ಇಳಿಸುತ್ತೇವೆ ಎಂದೂ ಹೇಳಿರುತ್ತಾಳೆ. ಆಕೆ ನೌಕರಿಯಲ್ಲಿದ್ದಾಗ ಚನ್ನರಾಯಪಟ್ಟಣದಲ್ಲಿ ಗಾಡಿ ಕಲಿತು ಲೈಸೆನ್ಸ್ ಪಡೆದಿದ್ದು, ಅದನ್ನು ಇಲ್ಲಿಯವರೆಗೆ ಬ್ಯಾಂಕಿನಲ್ಲಿ ಗುರುತಿಗಾಗಿ ಮಾತ್ರ ಬಳಸಲಾಗಿದೆ.

ಆದ್ದರಿಂದ, ಈ ಸಲದ ಮಟ್ಟಿಗೆ ಅರ್ಜಿದಾರಳು ಬಲಗಡೆಯೂ ಮಾಲೀಕರು ಎಡಗಡೆಯೂ ಕೂರಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ. ಎಡಗಡೆ ಕೂತವರು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತತಕ್ಕದ್ದಲ್ಲ. "ಗೇರು, ಗೇರು" ಎನ್ನತಕ್ಕದ್ದಲ್ಲ.

ತಮ್ಮ ವಿಶ್ವಾಸಿ, ಹಾಗೂ ಅದೇ ಮನೆಯ ವಾಸಿ,
(ಕೃಷ್ಣಮ್ಮ)

ಲಗತ್ತುಗಳು:
ಅ) ಲೈಸೆನ್ಸಿನ ನಕಲು.
ಆ) ಮುರಿದ ಬೋಲ್ಟು, ಎರಡು ತುಂಡು.
ಇ) ಒಂದು ಲೋಟ ಕಾಫಿ. ಆರುವ ಮೊದಲು ಆದೇಶ ಹೊರಡಿಸುವುದು.

ವಿಶೇಷ ಸೂಚನೆ: ದಾರಿಯಲ್ಲಿ ಅರ್ಜಿದಾರಳಿಗೆ ಇದ್ದಕ್ಕಿದ್ದಂತೆ ಮಂಡಿ ನೋವು ಬರುವ ಸಂಭವವಿದೆ. ಅರಕಲಗೂಡಿಗೆ ಮುಂಚೆಯೋ ಆಮೇಲೋ ಈಗಲೇ ಹೇಳಲಾಗದು. ಆಗ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಲಾಗುವುದು. ಉಳಿದ ದಾರಿಯನ್ನು ಮಾಲೀಕರೇ ಓಡಿಸತಕ್ಕದ್ದು, ಮತ್ತು ನೋವು ನಿಜವೇ ಎಂದು ವಿಚಾರಣೆ ನಡೆಸಬಾರದಾಗಿ ಕೋರಲಾಗಿದೆ.