ಕಂಪನಿಯ ಪಗಾರ, ತಂಗಿಯ ಬಾಯಿ

ಅಂಗಡಿಯಲ್ಲಿ ಕೂತು, ಬಂದ ಗಿರಾಕಿಯನ್ನು ತಾನೇ ವಾಪಸು ಕಳಿಸಿ, ತಿಂಗಳು ತಪ್ಪದೆ ಪಗಾರ ಪಡೆದವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನನ್ನ ತಂಗಿ ಒಬ್ಬಳೇ! ಇನ್ನೊಬ್ಬರನ್ನು ನೀವು ಕಂಡಿದ್ದರೆ ತಿಳಿಸಿ, ಇಬ್ಬರನ್ನೂ ಕೂಡಿಸಿ ಸನ್ಮಾನ ಮಾಡಿಸೋಣ. ಅವಳ ಹೆಸರು ಬರೆಯುವುದಿಲ್ಲ. ಬರೆದರೆ ಇದರಲ್ಲಿ ಎಲ್ಲೆಲ್ಲಿ ಉಪ್ಪು ಖಾರ ಹೆಚ್ಚಾಗಿದೆ ಎಂದು ಗೆರೆ ಎಳೆದು ವಾಪಸು ಕಳಿಸುತ್ತಾಳೆ. ಮೆಟ್ರಿಕ್‌ವರೆಗೆ ಓದಿದ ನನಗೆ ಈ ವಯಸ್ಸಿನಲ್ಲಿ ತಿದ್ದಿಸಿಕೊಳ್ಳುವ ಶಕ್ತಿ ಇಲ್ಲ.

ಮೊಬೈಲ್ ಫೋನು ನಮ್ಮ ಸೀಮೆಗೆ ಆಗಷ್ಟೇ ಕಾಲಿಟ್ಟ ಕಾಲ. ತಂಗಿ ನಮ್ಮೂರಾದ ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತ್ ಇಟ್ಟಿದ್ದಳು. ನಾನು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಸಂಸಾರ ಹೂಡಿ, ಒಂದು ಕ್ಲಿನಿಕ್ಕಿನಲ್ಲಿ ನಂಬರಿನ ಚೀಟಿ ಕೊಡುತ್ತಿದ್ದೆ. ಆಗ ಒಂದು ದೊಡ್ಡ ಮೊಬೈಲ್ ಕಂಪನಿ ಕಮಲಾಪುರದ ದವಾಖಾನೆಯ ಎದುರಿಗೇ ಎತ್ತರದ ಜಾಹೀರಾತು ನಿಲ್ಲಿಸಿತು: 'ಎಲ್ಲೆಲ್ಲೂ ನಾವು'. ದವಾಖಾನೆಯ ಒಳಗೆ ಕಾಲಿಟ್ಟರೆ ಮಾತ್ರ ಅದೇ ಕಂಪನಿಯ ಫೋನು ಮೂಕ! ಹೆಂಡತಿಯನ್ನು ಹೆರಿಗೆಗೆ ಸೇರಿಸಿದವರು, ಹಾವು ಕಚ್ಚಿದವರನ್ನು ಹೊತ್ತು ತಂದವರು ಹೊಸ ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ ತಂಗಿಯ ಬೂತಿಗೆ ಓಡಿ ಬರುತ್ತಿದ್ದರು. ಬೂತಿಗೆ ಅದು ಲಾಭವೇ ಅಲ್ಲವೇ? ಬೇರೆಯವರಾಗಿದ್ದರೆ ಸುಮ್ಮನಿರುತ್ತಿದ್ದರು. ಇವಳು ಬೂತಿನ ನೆತ್ತಿಯ ಮೇಲೆ ಬೋರ್ಡು ಬರೆಸಿದಳು: 'ಎಲ್ಲೆಲ್ಲೂ ಇಲ್ಲ. ದವಾಖಾನೆಯಲ್ಲಿ ಇಲ್ಲ.'

ಕಂಪನಿಯ ಮ್ಯಾನೇಜರ್ ಕಲಬುರಗಿಯಿಂದ ಜೀಪು ಹತ್ತಿ ಬಂದ.

"ಏನ್ರಿ ಅಕ್ಕಾರ, ನಮ್ಮ ಮ್ಯಾಲೆ ಯಾಕ ಇಷ್ಟು ಸಿಟ್ಟು?"

"ಸಿಟ್ಟಿಲ್ರಿ ಸಾಹೇಬ್ರ. ಚಾ ಕುಡೀರಿ. ಕುಡದು, ದವಾಖಾನಿ ಒಳಗ ಹೋಗಿ ನಿಮ್ಮ ಮನಿಯವರಿಗೆ ಒಂದು ಫೋನ್ ಹಚ್ಚಿ ಬರ್ರಿ."

ಪಾಪ, ಹೋದ. ವಾರ್ಡಿನ ನಡುವೆ ನಿಂತು ನೋಡಿದ, ಕಿಟಕಿಯ ಹೊರಗೆ ಕೈ ಚಾಚಿ ನೋಡಿದ, ಕಂಪೌಂಡರನ ಸ್ಟೂಲು ಹತ್ತಿಯೂ ನೋಡಿದ. ಕಡೆಗೆ ಬೆವರು ಒರೆಸಿಕೊಳ್ಳುತ್ತ ಬೂತಿಗೇ ಬಂದು, ಊಟಕ್ಕೆ ತಡವಾಗುತ್ತದೆ ಎಂದು ಹೆಂಡತಿಗೆ ತಿಳಿಸಿದ. ತಂಗಿ ಬಿಲ್ಲು ಹರಿದು ಅವನ ಕೈಗಿಟ್ಟಳು.

"ಚಾ ಪುಕ್ಕಟೆರಿ. ಫೋನಿಂದು ಕೊಡ್ರಿ!"

ಮುಂದೆ ಕೆಲವು ದಿನಕ್ಕೆ ಅದೇ ಮ್ಯಾನೇಜರ್ ಮತ್ತೆ ಬಂದ. ಈ ಸಲ ನೌಕರಿ ಕೊಡುವುದಕ್ಕೆ! ಕಲಬುರಗಿಯಲ್ಲಿ ದರ್ಗಾದ ಸುತ್ತಲಿನ ರೋಜಾ ಬಡಾವಣೆಯಲ್ಲಿ ಕಂಪನಿಯ ಹೊಸ ಅಂಗಡಿ, ಅದರ ಕೌಂಟರಿನಲ್ಲಿ ಕೆಲಸ. ಇವಳು ಒಪ್ಪಿಕೊಂಡೇಬಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. ನನ್ನ ತಂಗಿ ಎಂಥ ಕಂಪನಿಗೂ ಹೆದರದವಳು ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ!

"ಮಾರಿಕೊಂಡಿ ಅಲ್ಲ?" ಎಂದೆ.

"ಏನ್ ಮಾರೀನಿ ಅಣ್ಣಾ?"

"ನಾಲಿಗಿ!"

"ನಾಲಿಗಿ ಇಲ್ಲೇ ಅದ, ನೋಡು" ಎಂದು ಚಿಕ್ಕ ಹುಡುಗಿಯ ಹಾಗೆ ಚಾಚಿ ತೋರಿಸಿದಳು. ಆಮೇಲೆ ಹೇಳಿದಳು: "ಬೂತಿನಾಗ ಕುಂತು ಒದರಿದ್ರ ಬಸ್ ಕಾಯೋರಿಗೆ ಕೇಳಸ್ತದ. ಟವರ್ ನಿಂದರಸೋರಿಗೆ ಕೇಳಸಬ್ಯಾಡೇನು? ಒಳಗ ಹೋಗಿ ಒದರ್ತೀನಿ."

ಒಳಗೆ ಹೋಗುವವರೆಲ್ಲ ಹೀಗೇ ಹೇಳುತ್ತಾರಲ್ಲವೇ? ನಾನು ನಂಬಲಿಲ್ಲ. ನಂಬದಿದ್ದವನು ಬಾಯಿ ಮುಚ್ಚಿಕೊಂಡಾದರೂ ಇರಬೇಕಿತ್ತು. ಕಮಲಾಪುರಕ್ಕೆ ಹೋದಾಗಲೆಲ್ಲ ಚಹಾದಂಗಡಿಯ ಬೆಂಚಿನ ಮೇಲೆ ಕೂತು, "ಪಗಾರ ಬಂತು, ಬಾಯಿ ಹೋತು" ಎಂದು ನಾನೇ ಮೊದಲು ನಕ್ಕೆ. ನಾನು ನಕ್ಕ ಮೇಲೆ ಊರು ನಗದೆ ಇರುತ್ತದೆಯೇ?

ಬಾಯಿ ಎಲ್ಲಿಗೆ ಹೋಗಿತ್ತು, ಹೇಳಿ! ಕಂಪನಿ ಎದೆಗೆ ಚುಚ್ಚಿಕೊಳ್ಳಲು ಕೊಟ್ಟ ಬಿಲ್ಲೆಯ ಮೇಲೂ 'ಎಲ್ಲೆಲ್ಲೂ ನಾವು' ಎಂದಿತ್ತು. ಇವಳು 'ಎಲ್ಲೆಲ್ಲೂ' ಎಂಬುದರ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿ, ಬರೀ 'ನಾವು' ಆಗಿ ಕೂತಳು.

"ಇದೇನ್ರಿ ಅಕ್ಕಾರ?" ಎಂದ ಮ್ಯಾನೇಜರ್.

"ಗಾಯ ಆಗ್ಯಾದ್ರಿ. ಮಾಯ್ದ ಮ್ಯಾಲೆ ತೆಗೀತೀನಿ."

ಉರುಸಿನ ದಿನಗಳಲ್ಲಿ ರೋಜಾದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ಗದ್ದಲದಲ್ಲಿ ಕುಸನೂರಿನ ಮುದುಕರೊಬ್ಬರು ಅಂಗಡಿಗೆ ಬಂದು ಸಿಮ್ ಕೇಳಿದರು. ಆ ಹೊತ್ತು ನಾನೂ ಅಲ್ಲೇ ಇದ್ದೆ.

"ಮನಿ ಎಲ್ಲಿ ಬರ್ತದ್ರಿ?" ಎಂದಳು ತಂಗಿ.

"ಹಳೇ ಊರಾಗ, ಗುಡಿ ಹಿಂದ."

"ಅಲ್ಲಿ ಸಿಗ್ನಲ್ ಹಿಡಿಯಂಗಿಲ್ರಿ. ಮಾಳಿಗಿ ಹತ್ತಿ ಮಾತಾಡ್ತೀರೇನು?"

"ಮೊಣಕಾಲ ನೋಯ್ತಾವವ್ವಾ."

"ಹಂಗಾರ ಬ್ಯಾಡ್ರಿ. ಮೊಣಕಾಲಾದ್ರೂ ಆರಾಮ ಆಗ್ಲಿ, ಇಲ್ಲಾ ಟವರಾದ್ರೂ ಬರ್ಲಿ."

ಪಕ್ಕದ ಅತ್ತರಿನ ಅಂಗಡಿಯ ಚಾಚಾ ಹಣೆ ಚಚ್ಚಿಕೊಂಡ. "ಆಪಾ, ತುಮೆ ಬೇಚ್ನೆ ಬೈಠೇ ಕಿ ಭಗಾನೆ ಬೈಠೇ?" ಮಾರಲು ಕೂತಿದ್ದೀಯೋ, ಓಡಿಸಲು ಕೂತಿದ್ದೀಯೋ! ಆದರೆ ಅದೇ ಚಾಚಾ ತನ್ನ ಮನೆಮಂದಿಗೆ ಫೋನು ಕೊಂಡದ್ದು ಇವಳನ್ನು ಕೇಳಿಯೇ. ಇವಳು 'ಹಿಡೀತದ' ಎಂದರೆ ಹಿಡಿಯುತ್ತದೆ ಎಂದು ಅಷ್ಟರಲ್ಲಿ ರೋಜಾಕ್ಕೆಲ್ಲ ಗೊತ್ತಾಗಿತ್ತು. ಗೊತ್ತಾಗದವನು ನಾನೊಬ್ಬನೇ.

ಮರುವರ್ಷ ಕಮಲಾಪುರದಲ್ಲಿ ಕಂಪನಿಯ ಹೊಸ ಟವರ್ ಎದ್ದಿತು. ಶಾಮಿಯಾನ, ಮೈಕು, ಬೆಂಗಳೂರಿನಿಂದ ಬಂದ ದೊಡ್ಡ ಸಾಹೇಬ. ಊರವರಿಗೆ ಗುರುತಿನವಳೆಂದು ತಂಗಿಯೇ ಭಾಷಣ ಮಾಡಬೇಕು. ಮ್ಯಾನೇಜರ್ ಅದನ್ನು ಬರೆದೇ ಕೊಟ್ಟು, "ಕೈ ಮುಗೀತೀನಿ ಅಕ್ಕಾರ, ಇದ್ದಷ್ಟ ಓದ್ರಿ. ಇಲ್ಲಂದ್ರ ನಿಮ್ಮ ನೌಕ್ರಿ ಉಳಿಯಂಗಿಲ್ಲ" ಎಂದಿದ್ದ. ಬೂತ್ ಮುಚ್ಚಿ ಆಗಿತ್ತು. ಈ ನೌಕರಿಯೂ ಹೋದರೆ ಅವಳಿಗೆ ಬೇರೆ ದಾರಿ ಇರಲಿಲ್ಲ.

ನಾನು ಚಹಾದಂಗಡಿಯ ಗೆಳೆಯರೊಂದಿಗೆ ಹಿಂದಿನ ಸಾಲಿನಲ್ಲಿದ್ದೆ. "ಕೇಳ್ರಿ, ಈಗ ಹೆಂಗ ಹಾಡಿ ಹೊಗಳ್ತಾಳ" ಎಂದೆ.

ತಂಗಿ ಮೈಕಿನ ಮುಂದೆ ನಿಂತು ಸೆರಗು ಸರಿಪಡಿಸಿಕೊಂಡಳು.

"ಟವರ್ ಚಲೋ ಆಗ್ಯಾದ. ಬಸ್ ಸ್ಟ್ಯಾಂಡಿನಾಗ ಕೇಳಸ್ತದ, ಬಾಳಿ ತ್ವಾಟದಾಗೂ ಕೇಳಸ್ತದ. ನಾನ ತಿರುಗಾಡಿ ನೋಡೀನಿ. ಕಂಪನಿಯವರಿಗೆ ಚಪ್ಪಾಳಿ ಹೊಡೀರಿ."

ಜನ ಹೊಡೆದರು. ಮ್ಯಾನೇಜರ್ ಉಸಿರು ಬಿಟ್ಟ. ನಾನು ಪಕ್ಕದವನನ್ನು ಮೊಣಕೈಯಿಂದ ತಿವಿದೆ.

"ದವಾಖಾನಿ ಒಳಗ ಇನ್ನೂ ಕೇಳಸಂಗಿಲ್ಲ. ತಮ್ಮೋರನ್ನ ಅಲ್ಲಿ ಸೇರಿಸಿದೋರು ಈ ಫೋನ್ ನೆಚ್ಚಿ ಕೂಡಬ್ಯಾಡ್ರಿ. ನಾನೂ ಈ ಕಂಪನಿಯಾಕಿನ. ಅದಕ್ಕ ಹೇಳಾಕತ್ತೀನಿ."

ದೊಡ್ಡ ಸಾಹೇಬ ಹಾರದ ಹೂವು ಕೀಳುತ್ತ ಕೂತ. ಮುಂದೆ ಕೂತಿದ್ದ ಪರ ಊರಿನವನೊಬ್ಬ ತಿರುಗಿ, "ಈಕಿ ಯಾರ ಪೈಕಿರಿ?" ಎಂದು ನನ್ನನ್ನೇ ಕೇಳಬೇಕೇ! ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ. "ನಮ್ಮಾಕಿ. ನನ್ನ ಸ್ವಂತ ತಂಗಿ" ಎಂದೆ. ಗೆಳೆಯರೆಲ್ಲ ನನ್ನ ಮುಖ ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನೌಕರಿ ಹೋಗಲಿಲ್ಲ. ಅಷ್ಟು ಜನರ ಮುಂದೆ ನಿಜ ಹೇಳಿದವಳನ್ನು ತೆಗೆದರೆ ಸಿಮ್ ಕೊಳ್ಳುವವರಾರು? ಕೌಂಟರಿನಿಂದ ಎಬ್ಬಿಸಿ, ಹಿಂದಿನ ಕತ್ತಲೆ ಕೋಣೆಯಲ್ಲಿ ದೂರು ಕೇಳುವ ಮೇಜಿಗೆ ಹಾಕಿದರು. ಶಿಕ್ಷೆಯಂತೆ!

"ಚಲೋನ ಆತು ಬಿಡು ಅಣ್ಣಾ" ಎಂದಳು. "ಕಂಪನಿಗಿ ಬೈಯೋ ಮಂದಿ ಎಲ್ಲಾ ಈಗ ನನ್ನ ಕಡೀನ ಬರ್ತಾರ!"

ಆ ಮೇಜಿನಲ್ಲಿ ಕೂತು ಅವಳು ಎಲ್ಲರ ದೂರಿನ ಜೊತೆಗೂ ದವಾಖಾನೆಯ ದೂರೊಂದನ್ನು ತನ್ನದಾಗಿ ಸೇರಿಸಿ ಕಳಿಸುತ್ತಲೇ ಇದ್ದಳು. ನಾನು ಅವಳಿಗೆ ಊಟಕ್ಕೆ ಬಡಿಸಿದೆ, ಬಸ್ಸಿಗೆ ಬಿಟ್ಟು ಬಂದೆ, ಹೊಗಳಿದ್ದೂ ಉಂಟು. ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಅಣ್ಣನಲ್ಲವೇ ನಾನು!

ಒಂದು ಮಧ್ಯಾಹ್ನ ನಮ್ಮ ಮನೆಯ ಫೋನು ರಿಂಗಾಯಿತು.

"ಅಣ್ಣಾ, ಕಮಲಾಪುರ ದವಾಖಾನಿ ಒಳಗಿಂದ ಮಾತಾಡಾಕತ್ತೀನಿ. ಮೊಬೈಲಿಂದ! ಮಾಳಿಗಿ ಮ್ಯಾಲೆ ಸಿಗ್ನಲ್ ಹಿಡಿಯೋ ಸಣ್ಣದೊಂದು ಮಷಿನ್ ಕೂಡಿಸ್ಯಾರ. ಕೇಳಸ್ತದೇನು?"

ಕೇಳಿಸುತ್ತಿತ್ತು. ವಾರ್ಡಿನ ಫ್ಯಾನು ಕಿರುಗುಟ್ಟುವುದು, ಯಾವುದೋ ಎಳೆಗೂಸು ಅಳುವುದು, ಎಲ್ಲ. ಶಾಭಾಸ್ ಎನ್ನಲು ಹೋದವನ ಬಾಯಿಂದ ಬೇರೆಯೇ ಬಂತು.

"ತಪ್ಪಾತವ್ವಾ. ಊರಾಗೆಲ್ಲಾ ನಿನ್ನ ಆಡಿಕೊಂಡೆ."

ಆ ಕಡೆ ಕೂಸಿನ ಅಳು. ಅದರ ನಡುವೆ ತಂಗಿ ಮೂಗು ಎಳೆದುಕೊಂಡ ಸದ್ದು.

"ಕೇಳಸಲಿಲ್ಲ ಅಣ್ಣಾ. ಇನ್ನೊಮ್ಮೆ ಹೇಳು."

ಆ ಕಂಪನಿಯ ಫೋನಿನ ವಿಷಯದಲ್ಲಿ ಅವಳು ಸುಳ್ಳು ಹೇಳಿದ್ದು ಅದೊಂದೇ ಸಲ. ನಾನು ಇನ್ನೊಮ್ಮೆ ಹೇಳಿದೆ.