ಚಿಕ್ಕಪ್ಪನ ಎಡೆಗೆ ಸಕ್ಕರೆ ಹಾಕದ ಹಾಲು

ಚಿಕ್ಕಪ್ಪನ ತಿಥಿಯ ಜವಾಬ್ದಾರಿಯನ್ನು ಯಾರೂ ಕೊಡುವ ಮೊದಲೇ ನಾನು ವಹಿಸಿಕೊಂಡೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೊಳ್ಳೇಗಾಲದಲ್ಲಿ ಔಷಧಿ ಅಂಗಡಿ ನಡೆಸುತ್ತಿರುವವನು ನಾನು. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಊಟವಾದ ಮೇಲೆ ಎಂದು ಅರ್ಧ ತಾಲ್ಲೂಕಿಗೆ ಹೇಳಿಕೊಟ್ಟಿದ್ದೇನೆ. ಅಂಥವನಿಗೆ ಒಂದು ಬಾಳೆಲೆಯ ಮೇಲೆ ಏನನ್ನು ಎಲ್ಲಿ ಬಡಿಸಬೇಕು ಎನ್ನುವುದು ಯಾವ ಬ್ರಹ್ಮವಿದ್ಯೆ?

ನನ್ನ ಚಿಕ್ಕಪ್ಪ ಮಾದಪ್ಪ, ಹನೂರು-ರಾಮಾಪುರದ ಕಡೆ ಓಡುವ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. ಮಕ್ಕಳಿರಲಿಲ್ಲ. ಆದ್ದರಿಂದ ಮಗನ ಜಾಗದಲ್ಲಿ ನಾನು. ಹನೂರಿನ ಆಚೆ ಅವರದೇ ಹೊಲದ ಬದುವಿನಲ್ಲಿ, ಒಂದು ಹೊಂಗೆ ಮರದ ಕೆಳಗೆ ಮಣ್ಣು ಮಾಡಿದ್ದೆವು.

ನಮ್ಮ ಕಡೆ ಹನ್ನೊಂದನೇ ದಿನ ಸತ್ತವರನ್ನು ಹೂತ ಮಣ್ಣಿನ ಗುಡ್ಡೆಯ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರೆ. ತಿನ್ನುವುದನ್ನಷ್ಟೇ ಅಲ್ಲ, ಕುಡಿಯುವುದನ್ನೂ ಇಡಬೇಕು. ಆಮೇಲೆ ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿತೋ, ಸತ್ತವರಿಗೆ ತೃಪ್ತಿ. ಮುಟ್ಟಲಿಲ್ಲವೋ, ಜೀವಕ್ಕೆ ಏನೋ ಕೊರತೆ ಉಳಿದಿದೆ ಎಂದರ್ಥ. ಅಲ್ಲಿಯ ತನಕ ಬಂದ ನೆಂಟರು ಯಾರೂ ಉಣ್ಣುವಂತಿಲ್ಲ.

ಹಿಂದಿನ ದಿನವೇ ನಾನು ಪಟ್ಟಿ ಬರೆದೆ. ಮುದ್ದೆ, ಕೋಳಿ ಸಾರು, ವಡೆ, ಅನ್ನ. ನನ್ನ ಹೆಂಡತಿ ರತ್ನ ಪಟ್ಟಿಯನ್ನು ಓದಿ ಕೇಳಿದಳು:

"ಕುಡಿಯಾಕೆ ಏನ್ ಮಡಗ್ತೀರಿ?"

"ಹಾಲು. ನಮ್ಮ ಅಂಗಡೀಲಿ ಪ್ರೋಟೀನ್ ಪುಡಿ ಡಬ್ಬ ಇದೆಯಲ್ಲ, ಅದನ್ನ ಕದಡಿದ ಹಾಲು. ಸಕ್ಕರೆ ಹಾಕಬೇಡ."

"ಸತ್ತೋರ್ಗೂ ಸುಗರ್ ಏರ್ತದಾ?"

"ಪ್ರಶ್ನೆ ಅದಲ್ಲ ಕಣೇ. ತತ್ತ್ವದ್ದು!"

ಅವಳು ಏನೂ ಹೇಳಲಿಲ್ಲ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಏನೂ ಹೇಳದೆ ಇದ್ದಾಗಲೆಲ್ಲ ನಾನು ಕೆಟ್ಟಿದ್ದೇನೆ. ಅದು ಆ ಹೊತ್ತಿಗೆ ನೆನಪಾಗುವುದಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಚಿಕ್ಕಮ್ಮ ಗೌರಮ್ಮನಿಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಸಿದೆ. ಸ್ವಲ್ಪ ಉಪ್ಪಿಟ್ಟು ತಿನ್ನು ಎಂದೆ. "ಕಾಗೆ ಮುಟ್ದೆ ನಾನು ಒಂದಗುಳು ಬಾಯ್ಗಾಕಲ್ಲ ಕಣಪ್ಪ" ಎಂದಳು. ಇರಲಿ, ಹತ್ತಕ್ಕೆ ಎಡೆ, ಹತ್ತೂಕಾಲಿಗೆ ಕಾಗೆ, ಹತ್ತೂವರೆಗೆ ಊಟ ಎಂದು ಲೆಕ್ಕ ಹಾಕಿದೆ. ಕಾಗೆಯನ್ನು ಯಾರೂ ಕೇಳಿರಲಿಲ್ಲ!

ಹತ್ತಕ್ಕೆ ಎಡೆ ಇಟ್ಟೆವು. ಎಲ್ಲರೂ ಹಿಂದೆ ಸರಿದು, ಹೊಲದಲ್ಲಿ ಹಾಕಿಸಿದ್ದ ಶಾಮಿಯಾನದ ಕೆಳಗೆ ಕುಳಿತರು. ನಾನು ಮಾತ್ರ ಎಡೆಯ ಪಕ್ಕದಲ್ಲೇ ನಿಂತೆ. ಒಂದು ಕೈಯಲ್ಲಿ ಬಿಸಿಲಿಗೆ ಬಿಚ್ಚಿದ ಕೊಡೆ, ಇನ್ನೊಂದರಲ್ಲಿ ಕೋಲು. ನಾಯಿ ಬಂದರೆ? ಇರುವೆ ಹತ್ತಿದರೆ? ಗಾಳಿಗೆ ಎಲೆ ಹಾರಿದರೆ? ಇವನ್ನೆಲ್ಲ ಯೋಚಿಸಲು ಆ ನೂರು ಜನರಲ್ಲಿ ನನ್ನನ್ನು ಬಿಟ್ಟು ಯಾರಿದ್ದರು?

"ರೀ, ಈಚೆ ನೆರಳ್ಗೆ ಬನ್ನಿ" ಎಂದು ರತ್ನ ಕೂಗಿದಳು.

"ನನ್ನ ಚಿಂತೆ ಬಿಡು!" ಎಂದೆ, ಗಡಿ ಕಾಯುವ ಸೈನಿಕನ ಹಾಗೆ.

ಕಾಗೆ ಬಂತು. ಹೊಂಗೆ ಮರದ ಮೇಲೆ ಕುಳಿತು ಕತ್ತು ಓರೆ ಮಾಡಿ ಎಡೆಯನ್ನು ನೋಡಿತು. ನನ್ನನ್ನೂ ನೋಡಿತು. ಒಂದು ಕೊಂಬೆ ಕೆಳಗೆ ಇಳಿಯಿತು. ಮತ್ತೆ ಮೇಲಕ್ಕೆ ಹೋಯಿತು.

ಹತ್ತೂವರೆಯಾಯಿತು. ಹನ್ನೊಂದಾಯಿತು. ನೆಂಟರು ಕಾ ಕಾ ಎಂದು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ನಾನು ಗುಡ್ಡೆಗೆ ಕೈ ಮುಗಿದು ವಿಧಿವತ್ತಾಗಿ ವಾಗ್ದಾನ ಮಾಡಿದೆ: "ಚಿಕ್ಕಪ್ಪ, ಚಿಕ್ಕಮ್ಮನನ್ನು ನಾನು ನೋಡಿಕೊಳ್ಳುತ್ತೇನೆ. ಪ್ರತಿ ತಿಂಗಳೂ ರಕ್ತ ಪರೀಕ್ಷೆ ಮಾಡಿಸುತ್ತೇನೆ. ದಯವಿಟ್ಟು ಸ್ವೀಕರಿಸಬೇಕು." ಕಾಗೆ ರೆಕ್ಕೆಯ ಸಂದಿಗೆ ಕೊಕ್ಕು ಹಾಕಿ ಕೆರೆದುಕೊಂಡಿತು. ಇಂಥ ಅಗೌರವವನ್ನು ನಾನು ಸರ್ಕಾರಿ ಕಚೇರಿಗಳಲ್ಲೂ ಕಂಡಿಲ್ಲ!

ಯಳಂದೂರಿನಿಂದ ಬಂದಿದ್ದ ಪುಟ್ಟತಾಯತ್ತೆ ಎದ್ದು ಬಂದಳು. ಚಿಕ್ಕಪ್ಪನ ಅಕ್ಕ. ಎಂಬತ್ತು ದಾಟಿದೆ, ದನಿ ಇಪ್ಪತ್ತರಲ್ಲೇ ನಿಂತಿದೆ.

"ಅದೇನ್ಲಾ ಲೋಟದಲ್ಲಿ?"

"ಹಾಲು ಅತ್ತೆ. ಪ್ರೋಟೀನ್."

ಬೆರಳು ಅದ್ದಿ ನೆಕ್ಕಿದಳು. ಮುಖ ಹಿಂಡಿದಳು. "ಥೂ, ಸುಣ್ಣದ್ ನೀರು! ಇದ್ಕೆ ಕಾಗೆ ಬರ್ತದಾ? ಅವ್ನು ಅಂಬ್ಲಿ ಕುಡ್ದು ಬೆಳ್ದೋನು ಕಣ್ಲಾ."

ಅಡುಗೆಯ ಕಡೆಯಿಂದ ಮುದ್ದೆ ತರಿಸಿ, ಮಜ್ಜಿಗೆಯಲ್ಲಿ ಕಿವುಚಿ, ಎರಡು ಲೋಟ ತುಂಬಿಸಿ ನನ್ನ ಹಾಲಿನ ಪಕ್ಕ ಇಟ್ಟಳು. "ಚಿಕ್ಕೋನಾಗಿದ್ದಾಗ ನನ್ ಪಾಲಿನ್ ಅಂಬ್ಲೀನೂ ಕುಡ್ದ್ಬುಟ್ಟು ಬೆಕ್ಕು ಕುಡೀತು ಅಂತಿದ್ದ. ಬೆಕ್ಕು ಕುಡುದ್ರೆ ಮೂತಿ ನಿಂದ್ಯಾಕ್ಲಾ ನೆಂದದೆ ಅಂದ್ರೆ, ಬೆಕ್ಕು ಮುತ್ತಿಡ್ತು ಅಂದ!" ಶಾಮಿಯಾನವೆಲ್ಲ ನಕ್ಕಿತು. ಅತ್ತೆಯೂ ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡು ಗುಡ್ಡೆಯ ಕಡೆ ತಿರುಗಿದಳು. "ಈಗ ಎಲ್ಡು ಲೋಟಾನೂ ನಿಂದೇ ಕಣೋ. ಕುಡ್ಕ ಬಾ."

ಕಾಗೆ ಎರಡು ಕೊಂಬೆ ಇಳಿಯಿತು. ಅಂಬಲಿಗೆ ಇರುವೆ ಹತ್ತದಂತೆ ನಾನು ಇನ್ನೂ ಹತ್ತಿರ ಸರಿದು ಕೋಲಿನಿಂದ ಸುತ್ತ ಗೆರೆ ಎಳೆದೆ. ಕಾಗೆ ಮೇಲಕ್ಕೆ ಹೋಯಿತು.

"ಅಂಬಲೀನೂ ಅಲ್ಲ!" ಎಂದು ಘೋಷಿಸಿದೆ. ನಿಜ ಹೇಳಬೇಕೆಂದರೆ, ಸ್ವಲ್ಪ ಸಂತೋಷದಿಂದಲೇ.

ಆಗ ಹನೂರು ಬಸ್ ನಿಲ್ದಾಣದ ಟೀ ಅಂಗಡಿಯ ಸೆಲ್ವಿ ಫ್ಲಾಸ್ಕ್ ಹಿಡಿದು ಬಂದಳು. ಅರ್ಧ ಲೋಟ ಟೀ ಬಗ್ಗಿಸಿದಳು.

"ಪೂರ್ತಿ ಹಾಕಮ್ಮ" ಎಂದೆ.

"ಬ್ಯಾಡ ಸಾ. ಅಣ್ಣ ಯಾವತ್ತೂ ಅರ್ಧಾನೇ ಕುಡಿಯೋರು. ಕಾಸು ಮಾತ್ರ ಪೂರ್ತಿ ಟೀದು ಕೊಡೋರು. ಇನ್ನರ್ಧ ಯಾವ್ದಾದ್ರೂ ಅಜ್ಜಿಗೆ ಕೊಡಮ್ಮ, ಆಸ್ಪತ್ರೆ ಬಸ್ಗೆ ಕಾಯ್ಕ ಕುಂತಿರ್ತಾರೆ ಅನ್ನೋರು. ಈವತ್ತು ಬರೋ ಮುಂಚೆ ಇನ್ನರ್ಧ ಅಲ್ಲೇ ಒಬ್ರು ಅಜ್ಜಿಗೆ ಕೊಟ್ಟೇ ಬಂದಿವ್ನಿ."

ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಟೀಗೆ ಎಷ್ಟು ಚಮಚ ಸಕ್ಕರೆ ಹಾಕಿದ್ದಾಳೆ ಎಂಬ ಪ್ರಶ್ನೆ ಬಾಯಿಗೆ ಬಂದದ್ದನ್ನು ಹಾಗೇ ನುಂಗಿಕೊಂಡೆ. ಆದರೆ ಕಾಗೆಗೆ ಕರುಳು ಬೇಡವೇ? ಅದು ಮರದ ತುದಿಯಲ್ಲೇ ಕುಳಿತಿತ್ತು!

ಗಂಟೆ ಹನ್ನೆರಡು. ಹಸಿದ ನೆಂಟರು ಈಗ ನನ್ನನ್ನು ನೋಡುವ ರೀತಿ ಬದಲಾಗಿತ್ತು. ಚಿಕ್ಕಪ್ಪನ ಬಸ್ಸಿನ ಡ್ರೈವರ್ ರಾಚಣ್ಣ ಎದ್ದು ಬಂದವನು ಸೀದಾ ಜೇಬಿಗೆ ಕೈ ಹಾಕಿ ಒಂದು ಕ್ವಾರ್ಟರ್ ಬ್ರಾಂದಿ ತೆಗೆದ.

"ಒಳಗಿಡು ರಾಚಣ್ಣ!" ಎಂದು ಗುಡುಗಿದೆ. "ನಾನು ಹೇಳಿದ ಮೇಲೆ ಚಿಕ್ಕಪ್ಪ ಆರು ವರ್ಷದಿಂದ ಒಂದು ಹನಿ ಮುಟ್ಟಿಲ್ಲ. ಪ್ರತಿ ಭಾನುವಾರ ಬಂದು ಬಿಪಿ ನೋಡುತ್ತಿದ್ದವನು ನಾನು. ನನಗೆ ಗೊತ್ತಿಲ್ಲವೇ?"

ರಾಚಣ್ಣ ನನ್ನನ್ನು ನೋಡಿದ. ಚಿಕ್ಕಮ್ಮನನ್ನು ನೋಡಿದ. "ಆಯ್ತು ಬುಡಿ ಸಾ. ಇದು ಆ ಆರೊರ್ಸುಕ್ಕೂ ಮುಂಚೇದು ಅನ್ಕಳಿ" ಎಂದು ಲೋಟಕ್ಕೆ ಸುರಿದೇಬಿಟ್ಟ. "ಒಂದ್ ದಪ ಲೊಕ್ಕನಹಳ್ಳೀಲಿ ಒಬ್ಬ ಮೇಕೆ ತಕಂಡು ಬಸ್ಸತ್ತುದ. ಮೇಕೆ ಓಗಿ ಸೀಟ್ ಮ್ಯಾಲೇ ಕುಂತ್ಕತು. ಸೀಟಲ್ಲಿ ಕುಂತೋರ್ಗೆಲ್ಲಾ ಟಿಕೇಟು ಅಂತ ಇವ್ನು ಮೇಕೆಗೂ ಒಂದ್ ಟಿಕೇಟ್ ಅರ್ದು ಕೊಟ್ಟ. ಮೇಕೆ ಅದ್ನ ತಿಂದಾಕ್ತು. ಮುಂದ್ಕೆ ಚೆಕಿಂಗ್‌ನವ್ನು ಅತ್ತಿ, ಇದ್ರು ಟಿಕೇಟ್ ಎಲ್ಲಿ ಅಂದ. ಒಟ್ಟೇಲದೆ ಸಾ, ಒಸಿ ಒತ್ತು ಕಾದ್ರೆ ಅದೇ ಕೊಟ್ಟದು ಅಂದ ಮಾದಪ್ಪ!"

ನಗು ಹೊಲದಾಚೆಗೂ ಕೇಳಿಸಿರಬೇಕು. ಕಾಗೆಯೂ ಅತಿ ಕೆಳಗಿನ ಕೊಂಬೆಗೆ ಬಂತು. ಬ್ರಾಂದಿಗೆ ಬಂದರೆ ನನ್ನ ಮಾನದ ಗತಿಯೇನು? ನಾನು ಕೊಡೆಯನ್ನು ಆ ಲೋಟದ ಕಡೆಗೆ ಸ್ವಲ್ಪ, ಸ್ವಲ್ಪವೇ ಸ್ವಲ್ಪ, ವಾಲಿಸಿದೆ. ಕಾಗೆ ಮರವನ್ನೇ ಬಿಟ್ಟು ಪಕ್ಕದ ಹೊಲಕ್ಕೆ ಹಾರಿತು!

"ನೋಡಿದಿರಾ? ನಾನು ಹೇಳಲಿಲ್ಲವೇ?" ಎಂದು ಎಲ್ಲರ ಕಡೆ ತಿರುಗಿದೆ.

ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ಚಿಕ್ಕಮ್ಮನನ್ನು ನೋಡುತ್ತಿದ್ದರು. ಎಡೆ ಇಟ್ಟಾಗಿನಿಂದ ಕಂಬಕ್ಕೆ ಒರಗಿ ಕುಳಿತಿದ್ದವಳು ಈಗ ಸಣ್ಣ ದನಿಯಲ್ಲಿ ಹೇಳಿದಳು: "ನಲವತ್ತೊರ್ಸ ಬೇಯ್ಸಾಕಿವ್ನಿ. ನಾ ಏನ್ ಕಮ್ಮಿ ಮಾಡ್ದೆ ಅವ್ರ್ಗೆ? ಯಾಕಿಂಗೆ ಮಕ ತಿರುಗುಸ್ಕಂಡವ್ರೆ?"

ಹೇಳುತ್ತಲೇ ವಾಲಿದಳು. ಮೈಯೆಲ್ಲ ಬೆವರು. ಕೈ ನಡುಗುತ್ತಿತ್ತು.

ಖಾಲಿ ಹೊಟ್ಟೆಗೆ ಸಕ್ಕರೆ ಇಳಿಸುವ ಮಾತ್ರೆ! ನುಂಗಿಸಿದ್ದು ಬೇರೆ ಯಾರೋ ಅಲ್ಲ. ಗ್ರಾಹಕರಿಗೆ ಇಪ್ಪತ್ತು ವರ್ಷ ಬೇಡ ಬೇಡ ಎಂದು ಹೇಳಿದ್ದನ್ನು ನಾನೇ ನನ್ನ ಕೈಯಾರೆ ಮಾಡಿದ್ದೆ. ಕೊಡೆ ಒಂದು ಕಡೆ, ಕೋಲು ಒಂದು ಕಡೆ ಎಸೆದು ಓಡಿದೆ. "ಸಕ್ಕರೆ! ಸಕ್ಕರೆ ತನ್ನಿ! ಜಾಸ್ತಿ ಹಾಕಿ!" ಎಂದು ಅರಚಿದೆ. ಈ ಮಾತು ನನ್ನ ಬಾಯಿಂದ ಬಂದದ್ದನ್ನು ಕೇಳಿ ರತ್ನಳಿಗೆ ಒಂದು ಕ್ಷಣ ಕೈಕಾಲು ಆಡಲಿಲ್ಲವಂತೆ. ಆಮೇಲೆ ಚೊಂಬಿನಲ್ಲಿ ಸಕ್ಕರೆ ಕದಡಿ ತಂದಳು.

ಚಿಕ್ಕಮ್ಮ ಹಲ್ಲು ಕಚ್ಚಿದಳು. "ಕಾಗೆ ಮುಟ್ನಿಲ್ಲ."

"ಚಿಕ್ಕಮ್ಮ, ದಮ್ಮಯ್ಯ, ಒಂದು ಗುಟುಕು!" ನನ್ನ ಕಣ್ಣಲ್ಲಿ ನೀರು ಬಂದಿತ್ತು. ಹನ್ನೊಂದು ದಿನದ ಅಂತರದಲ್ಲಿ ಇಬ್ಬರನ್ನು ಕಳೆದುಕೊಳ್ಳುವಷ್ಟು ಗಟ್ಟಿಗನಲ್ಲ ನಾನು.

"ಮುಟ್ತು! ಮುಟ್ತು!" ಎಂದು ಇಡೀ ಶಾಮಿಯಾನ ಎದ್ದು ನಿಂತಿತು.

ತಿರುಗಿ ನೋಡಿದೆ. ನಾನು ನಿಂತಿದ್ದ ಜಾಗದಲ್ಲೇ, ಸರಿಯಾಗಿ ನನ್ನ ಹೆಜ್ಜೆಯ ಗುರುತಿನ ಮೇಲೆಯೇ ಕಾಗೆ ನಿಂತಿತ್ತು. ವಡೆಗೆ ಕೊಕ್ಕು ಹಾಕಿತು. ಅಂಬಲಿ ಕುಕ್ಕಿತು. ಟೀ ಕಡೆ ಹೋಯಿತು. ಬ್ರಾಂದಿಯನ್ನೂ ಒಮ್ಮೆ ಇಣುಕಿ ನೋಡಿತು. ಹಾರುವಾಗ ನನ್ನ ಪ್ರೋಟೀನ್ ಹಾಲನ್ನು ಒದ್ದು ಬೀಳಿಸಿತು!

ಚಿಕ್ಕಮ್ಮ ಚೊಂಬನ್ನು ಗಟಗಟ ಕುಡಿದಳು. ಐದು ನಿಮಿಷಕ್ಕೆ ಮುಖಕ್ಕೆ ಕಳೆ ಬಂತು. ಹನ್ನೊಂದು ದಿನಗಳಲ್ಲಿ ಮೊದಲ ಸಲ ಅವಳು ನಕ್ಕಳು.

"ಸಾಯೋಗಂಟ ಅಂಗೇ ಇದ್ರು, ಸತ್ತ್ ಮ್ಯಾಲೂ ಅಂಗೇ ಅವ್ರೆ ನೋಡು."

"ಹಾಗೆ ಅಂದರೆ?" ಎಂದೆ.

"ನಿನ್ ಗಾಡಿ ಸದ್ದು ಕೇಳುದ್ರೆ ಬ್ರಾಂದಿ ಲೋಟಾನ ಮಂಚುದ್ ಅಡೀಕೆ ತಳ್ಳೋರು ಕಣಪ್ಪ. ಬಿಪಿ ನೋಡುಸ್ಕಂಡು, ಊಂ ಊಂ ಅಂದ್ಕಂಡು, ನೀ ಅತ್ಲಾಗ್ ಓದ್ ಮ್ಯಾಲೆ ಈಚ್ಗೆ ತಗ್ಯೋರು. ನಮ್ ಐಕ ಅಲ್ವಾ, ಮಗ ನೊಂದ್ಕತದೆ ಅನ್ನೋರು."

ಆರು ವರ್ಷ! ಮುನ್ನೂರಕ್ಕೂ ಹೆಚ್ಚು ಭಾನುವಾರ! ಅಷ್ಟೂ ದಿನ ನಾನು ಕುಳಿತದ್ದು ಆ ಲೋಟದ ಮೇಲಿನ ಮಂಚದಲ್ಲೇ! ನನಗೆ ಮೈ ಉರಿದುಹೋಯಿತು. ಯಾರ ಮೇಲೆ ಸಿಟ್ಟು ಮಾಡಲಿ? ರಾಚಣ್ಣ ಆಕಾಶ ನೋಡುತ್ತಿದ್ದ. ರತ್ನ ನೆಲ ನೋಡುತ್ತಿದ್ದಳು. ಇಬ್ಬರ ಭುಜಗಳೂ ಕುಲುಕುತ್ತಿದ್ದವು.

ಪಂಕ್ತಿ ಕುಳಿತಿತು. ನಾನೂ ಗುಡ್ಡೆಗೆ ಹತ್ತಿರದ ತುದಿಯಲ್ಲಿ, ಮಗನ ಜಾಗದಲ್ಲಿ, ಎಲೆ ಹಾಕಿಸಿಕೊಂಡು ಕುಳಿತೆ. ಮುದ್ದೆ ಮುರಿಯುವಷ್ಟರಲ್ಲಿ ಹೊಂಗೆ ಮರಕ್ಕೆ ಇನ್ನೊಂದು ಕಾಗೆ ಬಂತು. ಕತ್ತು ಓರೆ ಮಾಡಿ ಬ್ರಾಂದಿಯ ಲೋಟವನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು. ಇಡೀ ಪಂಕ್ತಿಯೇ ನನ್ನನ್ನು ನೋಡಿತು.

ನಾನೇ ಎಲೆ ಎತ್ತಿಕೊಂಡು ಶಾಮಿಯಾನದ ಹಿಂದಕ್ಕೆ ಹೋಗಿ ಕುಳಿತೆ.