ಇನ್ನೊಂದು ಸ್ಕ್ಯಾನಿಂಗಿಗೆ ಚೌಕಾಶಿ

ಕಡಿಮೆ ಮಾಡಿಕೊಳ್ಳಿ ಎಂದು ಕೇಳುವುದಕ್ಕೆ ನನಗೆ ಯಾವತ್ತೂ ನಾಚಿಕೆಯಾದದ್ದಿಲ್ಲ. ಗಂಗಾವತಿಯಲ್ಲಿ ಹಮಾಲಿಯಾಗಿ ಅಕ್ಕಿ ಚೀಲ ಹೊತ್ತು, ಆಮೇಲೆ ಅದೇ ಚೀಲಗಳ ದಲ್ಲಾಳಿಯಾದವನು ನಾನು. ಕೊತ್ತಂಬರಿ ಕೊಂಡರೆ ಕರಿಬೇವು ಪುಕ್ಕಟೆ ಕೇಳುತ್ತೇನೆ. ಮಗಳ ಮದುವೆಯಲ್ಲಿ ಮುಹೂರ್ತವನ್ನೇ ಅರ್ಧ ತಾಸು ಹಿಂದಕ್ಕೆ ಹಾಕಿಸಿದ್ದೇನೆ. ಕೇಳಿದವರಿಗೂ ಕೇಳದವರಿಗೂ ನನ್ನ ಬುದ್ಧಿಮಾತು ಒಂದೇ: ಎದುರಿನವರು ಮೊದಲು ಕೇಳಿದ್ದಕ್ಕೆ ಒಪ್ಪಬೇಡಿ. ಆದರೆ ‘ಇನ್ನೊಂದಿಷ್ಟು ಜಾಸ್ತಿ ಮಾಡ್ರಿ’ ಎಂದು ಆಸ್ಪತ್ರೆಯಲ್ಲಿ ಕೂತು ಗೋಗರೆದದ್ದು ಮಾತ್ರ ಜೀವಮಾನದಲ್ಲಿ ಮೊದಲ ಸಲ.

ಮಗಳು ರೇಣುಕಾ ಸೀಮಂತದ ಕುಬಸ ಮುಗಿಸಿಕೊಂಡು ಕುಷ್ಟಗಿಯಿಂದ ಬಾಣಂತನಕ್ಕೆ ಬಂದಿದ್ದಳು. ಏಳು ತಿಂಗಳು. ಹೋದ ವರ್ಷ ಮೂರನೇ ತಿಂಗಳಲ್ಲೇ ಒಂದು ಕಳೆದುಹೋಗಿತ್ತು. ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಬಾರದೆಂದೇ ಉಳಿದ ವಿಷಯಗಳನ್ನೆಲ್ಲ ಜೋರಾಗಿ ಮಾತಾಡುತ್ತೇವೆ. ಅವಳು ಸೀನಿದರೆ ನಾನು ಎದ್ದು ನಿಲ್ಲುತ್ತೇನೆ. ‘ಅಪ್ಪಾ’ ಎಂದರೆ ಸಾಕು, ನನ್ನ ಕೈ ಗಾಡಿಯ ಕೀಲಿಗೆ ಹೋಗುತ್ತದೆ. ಪಾಪ, ಅವಳು ಕೇಳಿದ್ದು ಉಪ್ಪಿನಕಾಯಿ.

ಇಂಥ ಹೊತ್ತಿನಲ್ಲಿ ಕೊಪ್ಪಳದಿಂದ ನನ್ನ ತಂಗಿ ಮೊಬೈಲು ಹಿಡಿದುಕೊಂಡು ಬಂದಳು. ಅದರಲ್ಲಿ ಇನ್ನೂ ಹುಟ್ಟದ ಅವಳ ಮೊಮ್ಮಗುವಿನ ಮುಖ! ಬೆಲ್ಲದ ಬಣ್ಣ, ಮುಚ್ಚಿದ ಕಣ್ಣು, ಗಲ್ಲಕ್ಕೆ ಕೈ. ಥೇಟು ದರ ಏರುವುದನ್ನು ಕಾಯುತ್ತ ಕೂತ ಸಾಹುಕಾರ.

“ನಮ್ಮ ಸೊಸಿಗೆ ಡಾಕ್ಟರು ಹೇಳಿದ ಸ್ಕ್ಯಾನಿಂಗ್ ಬ್ಯಾರೆ, ನಾವಾಗೇ ಮಾಡಿಸಿದ್ದು ಬ್ಯಾರೆ. ನೀ ಎಷ್ಟು ಮಾಡಿಸಿದಿ ಅಣ್ಣಾ?” ಎಂದಳು. ನಾನು ಖಾಲಿ ಕಪ್ಪಿನಿಂದ ಚಹಾ ಕುಡಿದೆ.

ಮರುದಿನವೇ ಮಗಳ ತಪಾಸಣೆ ಇತ್ತು. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಹಳೆಯ ಸ್ಕ್ಯಾನಿಂಗ್ ಕಾಗದ ತಿರುವಿ ಹಾಕಿ, “ಎಲ್ಲಾ ಛಲೋ ಐತಿ. ಇನ್ನೊಂದು ಒಂಬತ್ತನೇ ತಿಂಗಳಾಗ ಮಾಡಿಸೋಣು” ಎಂದರು.

“ಮೂರು ಬರೀರಿ ಮೇಡಂ,” ಎಂದೆ.

“ಏನು ಮೂರು?”

“ಸ್ಕ್ಯಾನಿಂಗ್ ರೀ. ಇವತ್ತೊಂದು, ಮುಂದಿನ ತಿಂಗಳೊಂದು, ಆಮ್ಯಾಲ ನಿಮ್ದೊಂದು.”

ಡಾಕ್ಟರಮ್ಮ ಚಷ್ಮಾ ತೆಗೆದರು. ಪೆನ್ನಿನಿಂದ ಗೋಡೆಯ ಫಲಕ ತೋರಿಸಿದರು. ಭ್ರೂಣಲಿಂಗ ಪತ್ತೆ ಅಪರಾಧ. “ಅದಕ್ಕೇನ್ರಿ ಯಜಮಾನ್ರ?”

ನನ್ನ ಕಿವಿ ಕಾದ ಹಂಚಾದವು. “ಅಯ್ಯ, ಅಲ್ರೀ! ಗಂಡಾದ್ರೂ ಆಗಲಿ, ಹೆಣ್ಣಾದ್ರೂ ಆಗಲಿ. ಒಳಗ ಅದು ಹಂಗ… ಐತಲ್ಲ ಅಂತ…” ಮಾತು ಬಾರದಾಗ ನನಗೆ ಗೊತ್ತಿರುವುದು ವ್ಯಾಪಾರ ಒಂದೇ. “ಹೋಗ್ಲಿ, ಎರಡಕ್ಕ ಮುಗಿಸಿಬಿಡ್ರಿ.”

ಅವರ ಮುಖ ಮೆತ್ತಗಾಯಿತು. “ಕೆಡಕಾಗತೈತಿ ಅಂತಲ್ರಿ. ನನಗ ಸಂಶಯ ಬಂದ್ರ ಹತ್ತಾದ್ರೂ ಬರೀತೀನಿ. ಸುಮ್ಮಸುಮ್ಮನ ಬ್ಯಾಡ. ಕೂಸು ಆಡೂದು ಅಕಿಗೆ ಗೊತ್ತಾಗತೈತಿ. ಕಡಿಮಿ ಅನಿಸಿದ್ರ ಆ ಗಳಿಗಿಗೇ ಕರಕೊಂಡು ಬರ್ರಿ.”

ನಾನು ಒಂದೂವರೆಗೆ ಕೇಳುವವನಿದ್ದೆ. ಅಷ್ಟರಲ್ಲಿ ಮಗಳು ಬಾಯಿಬಿಟ್ಟಳು: “ಅಪ್ಪಾ, ನೀ ಒಂದು ಚೀಲಕ್ಕ ಎಷ್ಟು ಸಲ ಚುಚ್ಚತಿ?”

ಮೊನಚಾದ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚಿ, ಹಿಡಿಯಷ್ಟು ಅಕ್ಕಿ ಹೊರಗೆ ತೆಗೆದು ನೋಡುವುದು ನಮ್ಮ ಕಸಬು. ಚೀಲಕ್ಕೆ ಒಂದೇ ಸಲ. ಎರಡನೇ ಸಲ ಚುಚ್ಚಿದರೆ ಮಾಲಿನವನು ಕೊಳವೆ ಕಸಿದುಕೊಳ್ಳುತ್ತಾನೆ. ‘ಮತ್ತ ಚುಚ್ಚಿದ್ರ ಅಕ್ಕಿ ಬದಲಾಗೂದಿಲ್ಲ, ಚೀಲ ಸೋರತೈತಿ’ ಎಂದು ಅವಳು ಲಂಗ ಹಾಕುತ್ತಿದ್ದ ಕಾಲದಲ್ಲಿ ಹೇಳಿಕೊಟ್ಟವನು ನಾನೇ. ನನ್ನಂತೆ ಬುದ್ಧಿ ಹೇಳುವವರಿಗೆ ಒಂದು ಬುದ್ಧಿಮಾತು: ಮಕ್ಕಳ ಮುಂದೆ ಹೇಳಬೇಡಿ. ಅವು ಮರೆಯುವುದಿಲ್ಲ.

ಒಂದಕ್ಕೇ ವ್ಯಾಪಾರ ಮುಗಿಸಿ ಮನೆಗೆ ಬಂದೆ. ಮುಗಿದದ್ದು ವ್ಯಾಪಾರ, ಅಂಜಿಕೆಯಲ್ಲ. ಅನ್ನಕ್ಕೊಂದು ಸಲ, ಸಾರಿಗೊಂದು ಸಲ “ಆಡತೈತೇನವ್ವಾ?” ಎಂದು ಕೇಳತೊಡಗಿದೆ. “ನೀವು ಕೇಳೂದಕ್ಕ ಬ್ಯಾಸತ್ತು ಅದು ಮಗ್ಗಲಾ ಬದಲಿಸತೈತಿ ನೋಡ್ರಿ,” ಎಂದು ಹೆಂಡತಿ ಗದರಿದಳು.

ನಾಲ್ಕನೆಯ ದಿನ ಊಟವಾದ ಮೇಲೆ ಒಳಗಿನಿಂದ “ಅಪ್ಪಾ!” ಎಂದು ಕೂಗು. ಕೈ ಕೀಲಿಗೆ ಹೋಯಿತು.

“ಕೀಲಿ ಇಡು. ಬಾ ಇಲ್ಲಿ.”

ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಹೊಟ್ಟೆಯ ಮೇಲೆ ಉಪ್ಪಿನಕಾಯಿ ಡಬ್ಬಿಯ ಸ್ಟೀಲ್ ಮುಚ್ಚಳ. ನಾನು ಅದನ್ನೇ ನೋಡಿದೆ. ಮುಚ್ಚಳ ಸುಮ್ಮನಿತ್ತು. ಸುಮ್ಮನೇ ಇತ್ತು. ಆಮೇಲೆ ಒಂದು ಕಡೆ ಎದ್ದು, ಜಾರಿ, ಠಣ್ಣೆಂದು ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿತು. ಅದನ್ನು ಹೆಕ್ಕುವ ನೆಪದಲ್ಲಿ ನಾನು ಮಂಚದ ಕೆಳಗೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇದ್ದೆ.

ಹೊರಗೆ ಬಂದವನೇ ಮುಚ್ಚಳ ಅವಳ ಕೈಗೆ ಕೊಟ್ಟು, “ಇನ್ನೂ ಮೂರು ಸಲ ಒದಿಸವ್ವಾ,” ಎಂದೆ.

“ಮುಂಜಾನಿಂದ ಕುಣಿದು ಈಗ ಮಲಗಾಕ ಹತ್ತೈತಪ್ಪ!” ಎಂದು ನಕ್ಕಳು.

ಮೂರಕ್ಕೆ ಕೇಳಿದೆ. ಎರಡಕ್ಕೆ ಇಳಿದೆ. ಒಳಗಿನ ವ್ಯಾಪಾರಿ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಮೊದಲು ಕೇಳಿದ್ದಕ್ಕೆ ಒಪ್ಪಬಾರದೆಂದು ಹುಟ್ಟುವ ಮೊದಲೇ ಅದಕ್ಕೆ ಯಾರು ಹೇಳಿಕೊಟ್ಟರೋ!